ಸಲಿಕೆ ಗರಿಯ ಜೋಡಿ ಹಕ್ಕಿ: ಬೀಜಿಂಗಿನಿಂದ ವೆನಿಸ್‌ವರೆಗೆ

ಇಲ್ಲಿ ಊರೂರು ತಿರುಗಿದ ಪ್ರವಾಸಿಗಳು ಎರಡು ಹಕ್ಕಿಗಳು. ಗಂಡು ಸುಮಾರು 27 ಮೀಟರ್ ಉದ್ದ, ಹೆಣ್ಣು ಸುಮಾರು 30 ಮೀಟರ್. ಎರಡು ಸಿಟಿ ಬಸ್ಸುಗಳನ್ನು ಹಿಂದೆ ಮುಂದೆ ನಿಲ್ಲಿಸಿದರೂ ಗಂಡಿನ ಉದ್ದಕ್ಕೆ ಸಾಲದು. ಎರಡರ ತೂಕ ಸೇರಿ 12 ಟನ್. ಚೀನಾದ ಕಲಾವಿದ ಶೂ ಬಿಂಗ್ 2008ರಿಂದ 2010ರವರೆಗೆ ಕೂತು ಕಟ್ಟಿದ ಈ ಜೋಡಿಯ ಹೆಸರು ‘ಫೀನಿಕ್ಸ್’. ಯಾವ ಜಾಗಕ್ಕೆಂದು ಕಟ್ಟಿದರೋ ಆ ಜಾಗದಲ್ಲಿ ಅವು ನೆಲೆಯೂರಲಿಲ್ಲ. ಅಲ್ಲಿಂದಲೇ ಅವುಗಳ ತಿರುಗಾಟ ಶುರು.

ಫೀನಿಕ್ಸ್ ಎಂದ ಕೂಡಲೇ ಬೂದಿಯಿಂದ ಮರುಹುಟ್ಟು ಪಡೆಯುವ ಪಶ್ಚಿಮದ ಹಕ್ಕಿ ನೆನಪಾಗುತ್ತದೆ. ಚೀನಾದ ಫೆಂಗ್‌ಹುವಾಂಗ್ ಬೇರೆಯೇ ಜೀವ. ಫೆಂಗ್ ಗಂಡು, ಹುವಾಂಗ್ ಹೆಣ್ಣು. ಬೆಟ್ಟಗಳನ್ನೂ ಕಡಲುಗಳನ್ನೂ ಅಲ್ಲಿನ ವಿಚಿತ್ರ ಪ್ರಾಣಿಗಳನ್ನೂ ಒಂದೊಂದಾಗಿ ದಾಖಲಿಸುವ ಪ್ರಾಚೀನ ಗ್ರಂಥ ‘ಶಾನ್ ಹಾಯ್ ಜಿಂಗ್’ನಲ್ಲಿ ಇದು ಕೋಳಿಯಂಥ ರೂಪದ, ಐದು ಬಣ್ಣದ ಹಕ್ಕಿ. ತಲೆಯ ಮೇಲಿನ ಗೆರೆ ಸದ್ಗುಣ, ರೆಕ್ಕೆಯದು ನ್ಯಾಯ, ಬೆನ್ನಿನದು ನಡವಳಿಕೆ, ಎದೆಯದು ಕರುಣೆ, ಹೊಟ್ಟೆಯದು ನಂಬಿಕೆ. ಅದು ತಾನೇ ಹಾಡುತ್ತದೆ, ತಾನೇ ಕುಣಿಯುತ್ತದೆ. ಕಾಣಿಸಿಕೊಂಡರೆ ಲೋಕಕ್ಕೆ ನೆಮ್ಮದಿ. ಇದೇ ಕುಲದ ಇನ್ನೊಂದು ಹಕ್ಕಿಯ ಬಗ್ಗೆ ದಾವೋ ಪಂಥದ ಹಳೆಯ ಗ್ರಂಥ ‘ಜುವಾಂಗ್‌ಜಿ’ಯಲ್ಲಿ ಒಂದು ಮಾತಿದೆ: ವುಟೊಂಗ್ ಮರವಲ್ಲದೆ ಬೇರೆಡೆ ಕೂರದು, ಬಿದಿರಕ್ಕಿಯಲ್ಲದೆ ಬೇರೇನೂ ತಿನ್ನದು. ಬಿದಿರು ಹೂ ಬಿಡುವುದು ಎಷ್ಟು ಅಪರೂಪವೆಂದು ಬಲ್ಲ ಮಲೆನಾಡಿನವರಿಗೆ ಈ ಹಕ್ಕಿಯ ಪಥ್ಯ ಎಂಥದ್ದೆಂದು ವಿವರಿಸಬೇಕಿಲ್ಲ.

ಮೊದಲ ನಿಲ್ದಾಣ ಬೀಜಿಂಗಿನ ಪೂರ್ವ ಮೂರನೇ ವರ್ತುಲ ರಸ್ತೆ. ಅಲ್ಲಿ ಸೀಸರ್ ಪೆಲ್ಲಿ ವಿನ್ಯಾಸದ ವರ್ಲ್ಡ್ ಫೈನಾನ್ಶಿಯಲ್ ಸೆಂಟರ್‌ನ ಅವಳಿ ಗೋಪುರಗಳು ಏಳುತ್ತಿದ್ದವು. ನಡುವಿನ ಗಾಜಿನ ಅಂಗಳಕ್ಕೊಂದು ಶಿಲ್ಪ ಬೇಕೆಂದು ಶೂ ಬಿಂಗ್‌ಗೆ ಕರೆ ಹೋಯಿತು. 1955ರಲ್ಲಿ ಚೊಂಗ್‌ಚಿಂಗ್‌ನಲ್ಲಿ ಹುಟ್ಟಿ ಬೀಜಿಂಗಿನಲ್ಲಿ ಬೆಳೆದವರು. ಯಾರೂ ಓದಲಾಗದ ಸಾವಿರಾರು ಅಕ್ಷರಗಳನ್ನು ತಾವೇ ಕೆತ್ತಿ ಅಚ್ಚು ಹಾಕಿ ಹೆಸರಾದವರು. 1990ರಿಂದ ಅಮೆರಿಕದಲ್ಲಿದ್ದು ಆಗಷ್ಟೇ ತಾಯ್ನಾಡಿಗೆ ಮರಳಿದ್ದರು. ಜಾಗ ನೋಡಲು ಹೋದವರನ್ನು ತಡೆದು ನಿಲ್ಲಿಸಿದ್ದು ಗೋಪುರವನ್ನು ಕಟ್ಟುತ್ತಿದ್ದವರ ಸ್ಥಿತಿ. ಹಳ್ಳಿ ಬಿಟ್ಟು ಬಂದ ಕೂಲಿಗಳು, ಅವರ ಹರಕು ವಸತಿ, ಕೈಯಲ್ಲಿ ಸವೆದ ಸಾಮಾನು. ಆ ಹೊಳೆಯುವ ಕಟ್ಟಡ ಹೆತ್ತ ರದ್ದಿಯಿಂದಲೇ ಹಕ್ಕಿಗಳನ್ನು ಕಟ್ಟಬೇಕೆಂದು ಅಲ್ಲೇ ತೀರ್ಮಾನಿಸಿದರು.

ಪಟ್ಟಿಯನ್ನು ಓದಿದರೆ ಹಾರ್ಡ್‌ವೇರ್ ಅಂಗಡಿಯ ಬಿಲ್ಲಿನಂತಿದೆ. ಒಂದರ ಮೇಲೊಂದು ಜೋಡಿಸಿದ ಸಲಿಕೆಗಳು ಗರಿಗಳಾದವು. ಬಿಸಿಲಿಗೆ ಬಣ್ಣಗೆಟ್ಟ ಹೆಲ್ಮೆಟ್‌ಗಳು ಜುಟ್ಟಾದವು. ಕಾಂಕ್ರೀಟ್ ಒಡೆಯುವ ಬ್ರೇಕರ್ ಯಂತ್ರ ತಲೆಯಾಯಿತು. ಮೈತುಂಬ ಉಕ್ಕಿನ ತೊಲೆ, ಕಂಬಿ, ಬಿದಿರು, ಇಕ್ಕಳ, ಗರಗಸ, ಸ್ಕ್ರೂಡ್ರೈವರ್, ಡ್ರಿಲ್, ಸುಕ್ಕುಸುಕ್ಕಾದ ಪ್ಲಾಸ್ಟಿಕ್ ಕೊಳವೆ. ಜೋಡಿಸಿದವರಲ್ಲೂ ಕೂಲಿ ಕೆಲಸಗಾರರಿದ್ದರು. ಸಾಮಾನಿನ ಗೀರು, ಬಣ್ಣದ ಕಲೆಗಳನ್ನು ಉಜ್ಜಿ ತೆಗೆಯಲಿಲ್ಲ, ಮೇಲೆ ಪಾಲಿಶ್ ಬಳಿಯಲಿಲ್ಲ. ಈ ಕೃತಿಯ ಜೀವ ಇರುವುದೇ ಇಲ್ಲಿ. ಗರಿಯಾದ ಮೇಲೂ ಸಲಿಕೆ ಸಲಿಕೆಯಾಗಿಯೇ ಕಾಣಬೇಕು.

ನಾಲ್ಕು ತಿಂಗಳಲ್ಲಿ ಮುಗಿಯುತ್ತದೆಂದು ಅಂದಾಜಿಸಿದ ಕೆಲಸ ಎರಡು ವರ್ಷ ಹಿಡಿಯಿತು. 2008ರ ಬೇಸಿಗೆಯಲ್ಲಿ ಒಲಿಂಪಿಕ್ಸ್‌ಗಾಗಿ ಗಾಳಿ ಶುದ್ಧವಿರಲೆಂದು ಬೀಜಿಂಗಿನ ಕಟ್ಟಡ ಕೆಲಸಗಳನ್ನು ನಿಲ್ಲಿಸಿದರು, ಲಾರಿಗಳನ್ನು ತಡೆದರು. ಆಮೇಲೆ ಜಗತ್ತಿನ ಹಣಕಾಸು ಕುಸಿಯಿತು. ಶಿಲ್ಪ ಕೇಳಿದ್ದವರಿಗೆ ಅದರ ಒರಟುತನವೂ ಒಗ್ಗಲಿಲ್ಲ. ಮೈಮೇಲೆ ಹರಳು ಹೊದಿಸಬಹುದೇ ಎಂದು ಕೇಳಿದರು. ಕೊನೆಗೆ ಅವರು ಹಿಂದೆ ಸರಿದಾಗ ತೈವಾನಿನ ಉದ್ಯಮಿ ಬ್ಯಾರಿ ಲಾಮ್ ಖರ್ಚು ಹೊತ್ತು ಹಕ್ಕಿಗಳನ್ನು ಉಳಿಸಿಕೊಂಡರು. 2010ರಲ್ಲಿ ಬೀಜಿಂಗಿನ ಬಾಯ್‌ಜಿವಾನ್ ರಸ್ತೆಯ ಟುಡೇ ಆರ್ಟ್ ಮ್ಯೂಸಿಯಂನ ಹೊರಗೆ ಅವು ಮೊದಲ ಸಲ ಬಯಲಲ್ಲಿ ತೂಗಿದವು; ಅದೇ ವರ್ಷ ಶಾಂಘಾಯ್‌ನ ವಿಶ್ವ ಮೇಳ ಎಕ್ಸ್‌ಪೋಗೆ ಹೋದವು.

ಇಷ್ಟು ದೊಡ್ಡ ಹಕ್ಕಿಯನ್ನು ಇಡಿಯಾಗಿ ಸಾಗಿಸುವ ಮಾತೇ ಇಲ್ಲ. ಬಿಚ್ಚಬೇಕು, ಭಾಗ ಭಾಗವಾಗಿ ಒಯ್ಯಬೇಕು, ಹೋದಲ್ಲಿ ಮತ್ತೆ ಕೂಡಿಸಬೇಕು. ಏರಿಸುವುದು ಅದಕ್ಕಿಂತ ಕಷ್ಟ. 30 ಮೀಟರ್ ಉದ್ದದ್ದನ್ನು ಒಂದೆರಡು ಕಡೆ ಮಾತ್ರ ಹಿಡಿದೆತ್ತಿದರೆ ನಡು ಜೋಲುತ್ತದೆ, ಬೋಲ್ಟ್ ಹಾಕಿದ ಸಂದುಗಳ ಮೇಲೆ ಎಳೆತ ಬೀಳುತ್ತದೆ. ಹಾಗಾಗಿ ಅನೇಕ ಕಡೆ ಚೈನ್ ಪುಲ್ಲಿ ಕಟ್ಟಿ ಎಲ್ಲವನ್ನೂ ಒಂದೇ ವೇಗದಲ್ಲಿ ಎಳೆಯಬೇಕು. ಒಂದು ಪುಲ್ಲಿ ಹಿಂದುಳಿದರೂ ಅದರ ಪಾಲಿನ ಭಾರ ಪಕ್ಕದವುಗಳ ಮೇಲೆ ಹೋಗುತ್ತದೆ. ತಲೆಯ ಕಡೆ ಯಂತ್ರದ ಭಾರ, ಬಾಲದ ಕಡೆ ಹಗುರ. ತೂಕದ ನಡು ಹಕ್ಕಿಯ ಅಳತೆಯ ನಡುವಿನಲ್ಲಿ ಸಿಗುವುದಿಲ್ಲ.

2012ರ ಡಿಸೆಂಬರ್‌ನಿಂದ 2013ರ ಅಕ್ಟೋಬರ್‌ವರೆಗೆ ಹಕ್ಕಿಗಳು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ನಾರ್ತ್ ಆಡಮ್ಸ್‌ನಲ್ಲಿದ್ದವು. ಬಾಸ್ಟನ್‌ನಿಂದ ಕಾರಿನಲ್ಲಿ ಮೂರು ತಾಸಿನ ಹಾದಿ. ಅಲ್ಲಿನ ಮ್ಯಾಸ್ ಮೋಕಾ ಸಂಗ್ರಹಾಲಯ ಮೊದಲು ಬಟ್ಟೆಗೆ ಅಚ್ಚು ಹಾಕುವ ಗಿರಣಿ, ಬಳಿಕ ವಿದ್ಯುತ್ ಬಿಡಿಭಾಗಗಳ ಕಾರ್ಖಾನೆ. 1999ರಿಂದ ಕಲೆಯ ಮನೆ. ಇದರ ಐದನೇ ಕಟ್ಟಡ ಫುಟ್‌ಬಾಲ್ ಮೈದಾನದಷ್ಟು ದೊಡ್ಡದು. ಕೆಲಸಗಾರರು ಖಾಲಿ ಮಾಡಿ ಹೋದ ಇಟ್ಟಿಗೆ ಗೋಡೆಗಳ ನಡುವೆ ಕೆಲಸಗಾರರ ಸಲಿಕೆಗಳು ತೂಗಿದ್ದವು.

ನನ್ನ ಮಟ್ಟಿಗೆ ಈ ಪಯಣದ ಅತಿ ಚೆಂದದ ತಾಣ ನ್ಯೂಯಾರ್ಕ್. 2014ರ ಆರಂಭದಿಂದ 2015ರ ಆರಂಭದವರೆಗೆ ಸುಮಾರು ಒಂದು ವರ್ಷ ಸೇಂಟ್ ಜಾನ್ ದಿ ಡಿವೈನ್ ಕ್ಯಾಥೆಡ್ರಲ್‌ನ ನಡುಮಂಟಪದಲ್ಲಿ ಅವು ಒಂದರ ಹಿಂದೊಂದು ಹಾರಿದವು. ಒಂದನೇ ನಂಬರಿನ ಸಬ್‌ವೇ ಹಿಡಿದು 110ನೇ ಬೀದಿಯಲ್ಲಿ ಇಳಿದರೆ ನಾಲ್ಕು ಹೆಜ್ಜೆ, ಆಮ್‌ಸ್ಟರ್ಡ್ಯಾಮ್ ಅವೆನ್ಯೂಗೆ ಮುಖ ಮಾಡಿದ ಕಟ್ಟಡ. 1892ರಲ್ಲಿ ಅಡಿಗಲ್ಲು ಬಿದ್ದ ಇದರ ಕೆಲಸ ಇಂದಿಗೂ ಪೂರ್ತಿಯಾಗಿಲ್ಲ. ಉದ್ದ 601 ಅಡಿ, ನಡುಮಂಟಪದ ಎತ್ತರ 124 ಅಡಿ. 2001ರ ಡಿಸೆಂಬರ್‌ನ ಬೆಂಕಿಯ ಹೊಗೆಯನ್ನು ತೊಳೆದು 2008ರಲ್ಲಿ ಮತ್ತೆ ಪೂರ್ತಿಯಾಗಿ ತೆರೆದಿದ್ದರು. ಮುಗಿಯದ ಕಟ್ಟಡದೊಳಗೆ, ಮುಗಿದ ಕಟ್ಟಡವೊಂದರ ರದ್ದಿಯ ಹಕ್ಕಿಗಳು! ಆಗ ಹೊರಗಿನ ಅಂಗಳದಲ್ಲಿ ಕ್ಯಾಥೆಡ್ರಲ್‌ನವರೇ ಸಾಕಿದ ನವಿಲುಗಳೂ ಓಡಾಡಿಕೊಂಡಿದ್ದವು. ಒಳಗೆ ಕತ್ತೆತ್ತಿ ಕಬ್ಬಿಣದ ಬಾಲ ನೋಡಿ ಹೊರಬಂದವರಿಗೆ ನಿಜವಾದ ಬಾಲ ಎದುರಾಗುತ್ತಿತ್ತು.

ಇಂಥ ಜಾಗದಲ್ಲಿ ಹಕ್ಕಿಯನ್ನು ನೋಡುವುದಕ್ಕೂ ಒಂದು ಕ್ರಮವಿದೆ. ದೂರ ನಿಂತರೆ ಬರೀ ರೂಪ ಕಾಣುತ್ತದೆ. ಹೊಟ್ಟೆಯ ಕೆಳಗೆ ಬಂದು ನಿಂತರೆ ರೂಪ ಕರಗಿ ಒಂದೊಂದೇ ಸಾಮಾನು ಗುರುತಿಗೆ ಸಿಗುತ್ತದೆ. ಎರಡೂ ಬೇಕು, ಮೊದಲು ದೂರದ್ದು. ಚಿಕ್ಕ ದುರ್ಬೀನು ಕೈಯಲ್ಲಿದ್ದರೆ ಹೆಲ್ಮೆಟ್‌ಗಳ ಮೇಲಿನ ಗೀರುಗಳನ್ನೂ ನೋಡಬಹುದು. ಕತ್ತಲಾದ ಮೇಲೆ ಇನ್ನೊಂದು ನೋಟ: ಮೈಯುದ್ದಕ್ಕೂ ಹಾಕಿದ ಸಣ್ಣ ಎಲ್‌ಇಡಿ ದೀಪಗಳು ಹತ್ತಿ, ರದ್ದಿ ಮರೆಯಾಗಿ, ನಕ್ಷತ್ರ ಸೇರಿಸಿ ಬರೆದಂಥ ಹಕ್ಕಿಯ ರೇಖೆಯಷ್ಟೇ ಉಳಿಯುತ್ತದೆ. ಹಗಲು ಮಾತ್ರ ನೋಡಿ ಬಂದವರಿಗೆ ಅರ್ಧ ಕೃತಿ ತಪ್ಪಿದಂತೆ.

2015ರ ಮೇ ತಿಂಗಳಲ್ಲಿ ಅವು ಎರಡು ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಕಲಾ ಪ್ರದರ್ಶನವಾದ ವೆನಿಸ್ ಬಿಯೆನಾಲೆಗೆ ಬಂದವು. ಜಾಗ ಆರ್ಸೆನಾಲೆ, ಹಳೆಯ ವೆನಿಸ್ ಗಣರಾಜ್ಯ ತನ್ನ ಹಡಗುಗಳನ್ನು ಕಟ್ಟುತ್ತಿದ್ದ ಕಟ್ಟೆ. ಇಲ್ಲಿಗೆ ನೀರಿನ ಬಸ್ಸು ಹಿಡಿದು ಆರ್ಸೆನಾಲೆ ನಿಲ್ದಾಣದಲ್ಲಿ ಇಳಿಯಬೇಕು. ಹಗ್ಗ ಹೊಸೆಯುತ್ತಿದ್ದ 300 ಮೀಟರಿಗೂ ಉದ್ದದ ಶಾಲೆಯನ್ನು ದಾಟಿ ಒಳಕ್ಕೆ ನಡೆಯುತ್ತ ಹೋದರೆ ಗಜಾಂದ್ರೆ ಸಿಗುತ್ತದೆ. 16ನೇ ಶತಮಾನದಲ್ಲಿ ನೀರಿನ ಮೇಲೆ ಕಟ್ಟಿದ, ಸೂರಿರುವ ಹಡಗುದಾಣ. ಈಗ ಕಲಾ ಬಿಯೆನಾಲೆ ಸಮ ಸಂಖ್ಯೆಯ ವರ್ಷಗಳಲ್ಲಿ, ವಾಸ್ತುಶಿಲ್ಪದ್ದು ಬೆಸ ವರ್ಷಗಳಲ್ಲಿ ನಡೆಯುತ್ತದೆ. ಸೋಮವಾರಗಳಲ್ಲಿ ಸಾಮಾನ್ಯವಾಗಿ ರಜೆ. ಆರ್ಸೆನಾಲೆಗೇ ಒಂದಿಡೀ ದಿನ ಇಟ್ಟುಕೊಳ್ಳಬೇಕು. ಗಜಾಂದ್ರೆ ಒಳತುದಿಯಲ್ಲಿರುವುದರಿಂದ ತಡವಾಗಿ ಹೊರಟವರು ಅದನ್ನು ತಲುಪುವ ಮೊದಲೇ ಕಾಲು ಸೋಲುತ್ತದೆ.

ನ್ಯೂಯಾರ್ಕಿನಲ್ಲಿ ಹಕ್ಕಿಗಳ ಹೊಟ್ಟೆಯಡಿ ನಡೆದಾಡಬಹುದಿತ್ತು. ಇಲ್ಲಿ ಕೆಳಗೆ ನೀರು, ನೋಡುವವರು ದಡದಲ್ಲೇ ನಿಲ್ಲಬೇಕು. ಅದಕ್ಕೆ ಬದಲಾಗಿ ಸಲಿಕೆ, ಕೊಳವೆ, ಹೆಲ್ಮೆಟ್‌ಗಳೆಲ್ಲ ಕೆಳಗಿನ ಹಸಿರು ನೀರಿನಲ್ಲಿ ಇನ್ನೊಮ್ಮೆ ತೂಗುತ್ತಿದ್ದವು. ದೋಣಿಯೊಂದು ಹಾದುಹೋದರೆ ಆ ಎರಡನೇ ಜೋಡಿ ರೆಕ್ಕೆ ಬಡಿಯುತ್ತಿತ್ತು.