ಫಿಡೂಷಿಯರಿ ತಪಾಸಣೆ: ಮಾಜಿ ಸೈನಿಕರ ಹಣದ ಲೆಕ್ಕ ಎಲ್ಲಿ ಎಡವುತ್ತದೆ

ಅಮೆರಿಕದಲ್ಲಿ ಮಾಜಿ ಸೈನಿಕರ ಇಲಾಖೆಯನ್ನು ಎಲ್ಲರೂ ವಿಎ ಎಂದೇ ಕರೆಯುತ್ತಾರೆ. ಅಂಗವೈಕಲ್ಯ ಪರಿಹಾರ ಪಡೆಯುವವರಲ್ಲಿ ಯಾರಿಗೆ ತಮ್ಮ ಹಣ ತಾವೇ ನಿಭಾಯಿಸಲು ಆಗುವುದಿಲ್ಲವೋ ಅವರಿಗೆ ವಿಎ ಒಬ್ಬ ಫಿಡೂಷಿಯರಿಯನ್ನು ನೇಮಿಸುತ್ತದೆ. ಅದು ಅಪ್ಪ ಅಮ್ಮ ಇರಬಹುದು, ಒಡಹುಟ್ಟಿದವರು ಇರಬಹುದು, ಶುಲ್ಕ ಪಡೆದು ಇದನ್ನೇ ವೃತ್ತಿಯಾಗಿ ಮಾಡುವವರೂ ಇರಬಹುದು. ಅಂಥ ಕಡತಗಳ ಲೆಕ್ಕ ಬರೆಯುವ ನಮ್ಮವರಿಗೆ, ಮನೆಯವರಿಗಾಗಿ ಈ ಹೊಣೆ ಹೊತ್ತವರಿಗೆ ಕೆಲಸಕ್ಕೆ ಬರುವ ವಿಷಯಗಳನ್ನು ಇಲ್ಲಿ ಬರೆದಿದ್ದೇನೆ.

ಪವರ್ ಆಫ್ ಅಟಾರ್ನಿ ಕೈಯಲ್ಲಿದೆ ಎಂದ ಮಾತ್ರಕ್ಕೆ ವಿಎ ಹಣದ ಮೇಲೆ ಅಧಿಕಾರ ಬರುವುದಿಲ್ಲ. ಸೋಷಿಯಲ್ ಸೆಕ್ಯುರಿಟಿಯವರು ಕೊಟ್ಟ ರೆಪ್ರೆಸೆಂಟೇಟಿವ್ ಪೇಯಿ (ಇನ್ನೊಬ್ಬರ ಪರವಾಗಿ ಅವರ ಹಣ ಪಡೆಯುವವರು) ಪತ್ರವೂ ಇಲ್ಲಿ ನಡೆಯುವುದಿಲ್ಲ. ಎರಡೂ ಕಡೆ ಒಬ್ಬರೇ ಹೊಣೆಗಾರರಾಗಿದ್ದರೂ ನೇಮಕ ಬೇರೆ, ಲೆಕ್ಕ ಬೇರೆ.

ತಪಾಸಣೆ ಎಂದರೆ ಜನ ಎರಡು ಮೂರು ಸಂಗತಿಗಳನ್ನು ಕಲಸಿಬಿಡುತ್ತಾರೆ. ಒಂದು, ವರ್ಷಕ್ಕೊಮ್ಮೆ ಕಳಿಸಬೇಕಾದ ಲೆಕ್ಕಪತ್ರ. ಇನ್ನೊಂದು, ವಿಎಯ ಪರಿಶೀಲಕರಾದ ಫೀಲ್ಡ್ ಎಗ್ಸಾಮಿನರ್ ಮನೆಗೆ ಬಂದು ಮಾಜಿ ಸೈನಿಕರನ್ನು ಕಂಡು ಮಾತಾಡುವ ಭೇಟಿ. ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಜನರ ಹಣ ನೋಡಿಕೊಳ್ಳುವ ದೊಡ್ಡ ಫಿಡೂಷಿಯರಿಗಳ ಕಚೇರಿಗೇ ಬಂದು ಕಡತ ತೆಗೆಸುವ ತಪಾಸಣೆ ಮೂರನೆಯದು. ಅದನ್ನು ಇಲ್ಲಿ ಬಿಡುತ್ತೇನೆ.

ವಾರ್ಷಿಕ ಲೆಕ್ಕ ಎಲ್ಲರಿಗೂ ಕಡ್ಡಾಯವಲ್ಲ. ಕೈಯಲ್ಲಿರುವ ವಿಎ ಹಣ 10,000 ಡಾಲರ್ ದಾಟಿದರೆ, ಫಿಡೂಷಿಯರಿ ಶುಲ್ಕ ಹಿಡಿದುಕೊಳ್ಳುತ್ತಿದ್ದರೆ, ಅಥವಾ ಪರಿಹಾರ ಶೇ. 100 ಅಂಗವೈಕಲ್ಯದ ದರದಲ್ಲಿ ಬರುತ್ತಿದ್ದರೆ ಕೊಡಲೇಬೇಕು. ಫಿಡೂಷಿಯರಿ ಕಡತಗಳನ್ನು ನೋಡಿಕೊಳ್ಳುವ ವಿಎಯ ಪ್ರಾದೇಶಿಕ ಕಚೇರಿ, ಅಂದರೆ ಹಬ್, ಬೇಕೆಂದು ಕೇಳಿದರೂ ಕೊಡಬೇಕು. ಗಂಡ ಅಥವಾ ಹೆಂಡತಿಯೇ ಫಿಡೂಷಿಯರಿ ಆಗಿದ್ದರೆ ವಾರ್ಷಿಕ ಲೆಕ್ಕದಿಂದ ವಿನಾಯಿತಿ ಉಂಟು, ಮನೆಭೇಟಿಯಿಂದ ಇಲ್ಲ. ಲೆಕ್ಕದ ಅವಧಿ ಮುಗಿದ 30 ದಿನದೊಳಗೆ 21ಪಿ-4706ಬಿ ನಮೂನೆ ಬ್ಯಾಂಕ್ ಸ್ಟೇಟ್‌ಮೆಂಟುಗಳ ಸಮೇತ ಹಬ್ ತಲುಪಬೇಕು. ತಪ್ಪು ಕಂಡು ಅವರು ತಿದ್ದಿ ಕಳಿಸಿ ಎಂದರೆ ಸಿಗುವುದು 14 ದಿನ. ಬ್ಯಾಂಕಿನಿಂದ ಹಳೆಯ ಚೆಕ್ಕಿನ ಪ್ರತಿ ತರಿಸುವಷ್ಟರಲ್ಲಿ ಅದು ಕರಗಿಹೋಗುತ್ತದೆ. ಹಾಗಾಗಿ ಕಾಗದ ಕೂಡಿಡುವ ಕೆಲಸ ತಿಂಗಳು ತಿಂಗಳೂ ಆಗಬೇಕು.

ಲೆಕ್ಕ ಹೆಚ್ಚಾಗಿ ಎಡವುವುದು ಖರ್ಚಿನಲ್ಲಲ್ಲ, ಜಮೆಯಲ್ಲಿ. ಮೇಲ್ನೋಟಕ್ಕೆ ತಿಂಗಳ ಮೊತ್ತವನ್ನು 12ರಿಂದ ಗುಣಿಸಿದರೆ ಮುಗಿಯಿತು ಅನಿಸುತ್ತದೆ. ಆದರೆ ವಿಎ ಒಂದು ತಿಂಗಳ ಹಣವನ್ನು ಮುಂದಿನ ತಿಂಗಳ ಒಂದನೇ ತಾರೀಕಿಗೆ ಹಾಕುತ್ತದೆ. ಒಂದನೇ ತಾರೀಕು ಶನಿವಾರ, ಭಾನುವಾರ ಅಥವಾ ರಜೆ ಬಿದ್ದರೆ ಅದಕ್ಕೂ ಮುಂಚಿನ ಕೆಲಸದ ದಿನವೇ ಬಂದುಬಿಡುತ್ತದೆ. ಜನವರಿ 1 ಯಾವಾಗಲೂ ರಜೆಯಾದ್ದರಿಂದ ಡಿಸೆಂಬರ್ ತಿಂಗಳ ಹಣ ಡಿಸೆಂಬರ್ ಕೊನೆಯಲ್ಲೇ ಖಾತೆಗೆ ಬೀಳುತ್ತದೆ. ತುಟ್ಟಿಭತ್ಯೆಯಂತೆ ಪ್ರತಿ ವರ್ಷ ಏರುವ ದರ ಜಾರಿಗೆ ಬರುವುದೂ ಡಿಸೆಂಬರ್ 1ರಿಂದ.

ಅವಲಂಬಿತರಿಲ್ಲದ, ಶೇ. 100 ದರದ ಒಬ್ಬರ 2025ರ ಲೆಕ್ಕ ತೆಗೆದುಕೊಳ್ಳಿ. ಜನವರಿಯಿಂದ ನವೆಂಬರ್ ತಿಂಗಳ ಹಣ 3,831.30 ಡಾಲರಿನಂತೆ ಹನ್ನೊಂದು ಸಲ, ಒಟ್ಟು 42,144.30. ಡಿಸೆಂಬರ್ 31ಕ್ಕೆ ಬಂದದ್ದು ಹೊಸ ದರದ 3,938.58. ಕೂಡಿದರೆ 46,082.88. ಹನ್ನೆರಡರಿಂದ ಗುಣಿಸಿದವರು 45,975.60 ಎಂದು ಬರೆದಿರುತ್ತಾರೆ, ಕೊನೆಯಲ್ಲಿ 107.28 ಡಾಲರ್ ಎಲ್ಲಿಂದ ಬಂತೆಂದು ಹುಡುಕುತ್ತಾ ಕೂರುತ್ತಾರೆ. ಅವಧಿ ಜನವರಿಯಿಂದ ಶುರುವಾಗದಿದ್ದರೆ ಇನ್ನೂ ತಮಾಷೆ. 2024ರ ಮಾರ್ಚ್ 1ರಿಂದ 2025ರ ಫೆಬ್ರವರಿ 28ರವರೆಗಿನ ಅವಧಿಯಲ್ಲಿ ಜಮೆಗಳು ಹದಿಮೂರು: 2024ರ ಮಾರ್ಚ್ 1 ಶುಕ್ರವಾರ, ಹಣ ಅಂದೇ ಬಂತು, 2025ರ ಮಾರ್ಚ್ 1 ಶನಿವಾರ, ಹಣ ಫೆಬ್ರವರಿ 28ಕ್ಕೇ ಬಂತು. ನಮೂನೆ ತುಂಬುವಾಗ ದರದ ಪಟ್ಟಿ ಪಕ್ಕಕ್ಕಿಟ್ಟು ಸ್ಟೇಟ್‌ಮೆಂಟಿನಲ್ಲಿ ಬಿದ್ದ ತಾರೀಕು, ಬಿದ್ದ ಮೊತ್ತ ಮಾತ್ರ ಬರೆಯಿರಿ.

ಆಖೈರು ಶಿಲ್ಕು, ಅಂದರೆ ಅವಧಿಯ ಕೊನೆಗೆ ಉಳಿದ ಹಣ ಕೂಡ ಹೀಗೆಯೇ ಕೈಕೊಡುತ್ತದೆ. ಡಿಸೆಂಬರ್ 29ರಂದು ಔಷಧಿ ಅಂಗಡಿಗೆ ಕೊಟ್ಟ 85 ಡಾಲರ್ ಚೆಕ್ಕು ಜನವರಿ 5ಕ್ಕೆ ಪಾಸಾದರೆ ನಿಮ್ಮ ಪುಸ್ತಕಕ್ಕೂ ಬ್ಯಾಂಕಿಗೂ ಅಷ್ಟೇ ವ್ಯತ್ಯಾಸ. ಪಾಸಾಗದ ಚೆಕ್ಕುಗಳ ನಂಬರ್, ತಾರೀಕು, ಮೊತ್ತ ಬರೆದ ಒಂದು ಹಾಳೆ ಲಗತ್ತಿಸಿದರೆ ಪ್ರಶ್ನೆಯೇ ಏಳುವುದಿಲ್ಲ. ಕೆಲವು ಬ್ಯಾಂಕುಗಳ ಸ್ಟೇಟ್‌ಮೆಂಟ್ ತಿಂಗಳ ನಡುವೆ ಮುಗಿಯುತ್ತದೆ. ಕೇಳಿದರೆ ತಿಂಗಳ ಕೊನೆಗೆ ಬದಲಿಸಿಕೊಡುತ್ತಾರೆ, ಮೊದಲೇ ಕೇಳಿಬಿಡಿ. ಸ್ಟೇಟ್‌ಮೆಂಟಿನ ಪ್ರತಿ ಪುಟವೂ ಬೇಕು, ಬರೀ ಜಾಹೀರಾತು ಇರುವ ಕೊನೆಯ ಪುಟವೂ ಸೇರಿ. ಆರರಲ್ಲಿ ಐದು ಪುಟ ಕಳಿಸಿದರೆ ಆರನೆಯದರಲ್ಲಿ ಏನಿದೆ ಎಂಬ ಕಾಗದ ಬರುತ್ತದೆ.

ಖಾತೆಯ ಹೆಸರಿನಲ್ಲೇ ಸಂಬಂಧ ಕಾಣಬೇಕು: ಮಾಜಿ ಸೈನಿಕರ ಹೆಸರು, ಅವರ ಪರವಾಗಿ ನಿಮ್ಮ ಹೆಸರು, ಮುಂದೆ ಫೆಡರಲ್ ಫಿಡೂಷಿಯರಿ ಎಂಬ ಪದ. ಖಾತೆಯ ಠೇವಣಿಗೆ ಸರ್ಕಾರಿ ವಿಮೆ ಇರಬೇಕು: ಬ್ಯಾಂಕಾದರೆ ಎಫ್‌ಡಿಐಸಿ, ಸಹಕಾರಿ ಬ್ಯಾಂಕಿನಂಥ ಕ್ರೆಡಿಟ್ ಯೂನಿಯನ್ ಆದರೆ ಎನ್‌ಸಿಯುಎ. ನಮ್ಮ ಮನೆಗಳಲ್ಲಿ ಮಗನ ದುಡ್ಡು, ಅಪ್ಪನ ದುಡ್ಡು ಎಂಬ ಗೆರೆ ತೆಳು. ಒಂದೇ ಖಾತೆಯಿಂದ ಕಂತು, ಕರೆಂಟು, ತಂಗಿಯ ಕಾಲೇಜು ಫೀಸು ಎಲ್ಲ ಹೋಗುತ್ತದೆ. ಇಲ್ಲಿ ಅದು ಸಲ್ಲದು. ಅಪ್ಪ ಅಮ್ಮನೇ ಫಿಡೂಷಿಯರಿ ಆಗಿ ಮಗ ಜೊತೆಯಲ್ಲೇ ಇದ್ದರೆ, ಮನೆ ಖರ್ಚಿನಲ್ಲಿ ಅವನ ಪಾಲು ಎಷ್ಟು, ಹೇಗೆ ಎಂದು ಬರೆದಿಡಿ. ಕಂತು, ಕರೆಂಟು, ನೀರು ಸೇರಿ 2,400 ಡಾಲರ್, ಮನೆಯಲ್ಲಿ ನಾಲ್ವರು, ಅವನ ಪಾಲು 600. ಇಷ್ಟು ಬರೆದು ಬಿಲ್ಲುಗಳ ಪ್ರತಿ ಸೇರಿಸಿ, ಹಬ್‌ಗೂ ಮುಂಚೆಯೇ ತಿಳಿಸಿ. ಫಿಡೂಷಿಯರಿ ತನ್ನ ಹೆಸರಿಗೇ ಬರೆದುಕೊಂಡ ಚೆಕ್ಕು ಕಂಡ ಕೂಡಲೇ ಪರಿಶೀಲಕರ ಪೆನ್ನು ಅಲ್ಲಿ ನಿಲ್ಲುತ್ತದೆ. ಸಾಲ ಕೊಡುವುದು, ಕೈಗಡ ತೆಗೆದುಕೊಳ್ಳುವುದಂತೂ ಬೇಡವೇ ಬೇಡ.

ನಗದು ಇನ್ನೊಂದು ತಲೆನೋವು. ಎಟಿಎಂನಿಂದ 200 ತೆಗೆದರೆ ಸ್ಟೇಟ್‌ಮೆಂಟ್ ಹೇಳುವುದು ಅಷ್ಟನ್ನೇ. ಕೈಖರ್ಚಿಗೆ ಗೊತ್ತಾದ ಮೊತ್ತವನ್ನು ಮಾಜಿ ಸೈನಿಕರ ಸ್ವಂತ ಸಣ್ಣ ಖಾತೆಗೆ ವರ್ಗಾಯಿಸಿದರೆ ಜಾಡು ಉಳಿಯುತ್ತದೆ.

ವೃತ್ತಿಪರರ ಶುಲ್ಕ ತಿಂಗಳ ಹಣದ ಶೇ. 4ನ್ನು ಮೀರುವಂತಿಲ್ಲ, ಅದಕ್ಕೂ ವಿಎ ಒಪ್ಪಿಗೆ ಬೇಕು. 3,831.30ಕ್ಕೆ ಶೇ. 4 ಅಂದರೆ 153.252. ಹಿಡಿಯಬೇಕಾದದ್ದು 153.25. ಒಂದು ಸೆಂಟ್ ಮೇಲೆ ಹೋದರೂ ಮಿತಿ ಮೀರಿದ ಹಾಗೆ. ಹಿಂಬಾಕಿಯಾಗಿ ಒಟ್ಟಿಗೆ ಬಂದ ದೊಡ್ಡ ಮೊತ್ತದ ಮೇಲೆ ಶುಲ್ಕವಿಲ್ಲ.

ಉಳಿತಾಯ ಬೆಳೆಯುತ್ತಿದ್ದರೆ ಜಾಮೀನಿನ ಕಡೆ ಕಣ್ಣಿಡಿ. ಹಣ 25,000 ಡಾಲರ್ ದಾಟಿದರೆ ಸಾಮಾನ್ಯವಾಗಿ ಶ್ಯೂರಿಟಿ ಬಾಂಡ್ ಬೇಕು. ತಿಂಗಳಿಗೆ 1,200 ಉಳಿದರೆ ವರ್ಷಕ್ಕೆ 14,400. 12,000ದಿಂದ ಶುರುವಾದ ಖಾತೆ ಸದ್ದಿಲ್ಲದೆ ಗೆರೆ ದಾಟಿರುತ್ತದೆ. ಹಣ ಕೂಡಿಡುವುದೇ ಒಳ್ಳೆಯ ನಿಭಾವಣೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ, ವಿಎ ಕೇಳುವುದು ಬೇರೆ. ಖಾತೆಯಲ್ಲಿ 22,000 ಇದ್ದು ಮಾಜಿ ಸೈನಿಕರ ಹಾಸಿಗೆಯ ಸ್ಪ್ರಿಂಗು ಬೆನ್ನಿಗೆ ಚುಚ್ಚುತ್ತಿದ್ದರೆ, ಗಾಲಿಕುರ್ಚಿಯ ಬ್ರೇಕು ಹಿಡಿಯದಿದ್ದರೆ, ಎಷ್ಟೇ ಚೊಕ್ಕ ಲೆಕ್ಕವಿದ್ದರೂ ಎಗ್ಸಾಮಿನರ್ ವರದಿಯಲ್ಲಿ ಅದೇ ಮೊದಲು ಬರುತ್ತದೆ. ಸರಿಯಾಗಿಯೇ ಬರುತ್ತದೆ, ಹಣ ಬಂದಿರುವುದೇ ಅವರಿಗಾಗಿ.

ಭೇಟಿಯ ದಿನಕ್ಕೆ ಒಂದು ಫೋಲ್ಡರ್ ಸಾಕು. ಫೋಟೋ ಇರುವ ಗುರುತಿನ ಚೀಟಿ, ಈಗ ತೆಗೆದುಕೊಳ್ಳುವ ಔಷಧಿಗಳ ಪಟ್ಟಿ, ವೈದ್ಯರ ಹೆಸರು ಮತ್ತು ಫೋನ್, ಹತ್ತಿರದ ಬಂಧುಗಳ ವಿವರ, ತಿಂಗಳ ಬಿಲ್ಲುಗಳು, ಬೇರೆ ಆದಾಯವಿದ್ದರೆ ಅದರ ಪತ್ರ, ವಿಮೆ ಅಥವಾ ಅಂತ್ಯಕ್ರಿಯೆಯ ಯೋಜನೆ ಇದ್ದರೆ ಅದೂ. ಔಷಧಿ ಪಟ್ಟಿಯನ್ನು ಹಿಂದಿನ ದಿನ ಡಬ್ಬಿಗಳ ಎದುರು ಇಟ್ಟು ತಾಳೆ ನೋಡಿ, ಹಳೆಯ ಪಟ್ಟಿ ಇರುವುದೇ ಹೆಚ್ಚು. ಎಗ್ಸಾಮಿನರ್ ಮಾಜಿ ಸೈನಿಕರ ಜೊತೆ ಏಕಾಂತದಲ್ಲಿ ಮಾತಾಡಲು ಬಯಸಿದರೆ ಬಿಟ್ಟುಕೊಡಿ. ಉತ್ತರ ಕಲಿಸಿ ಕೂರಿಸುವವರೂ ಇದ್ದಾರೆ. ಪಾಠ ಒಪ್ಪಿಸಿದ ಉತ್ತರ ಎರಡನೇ ಪ್ರಶ್ನೆಗೇ ಗೊತ್ತಾಗುತ್ತದೆ, ಆಮೇಲೆ ನಿಜ ಹೇಳಿದರೂ ನಂಬಿಕೆ ಕಷ್ಟ.

ತಯಾರಿ ಮಾಡುವಾಗ ತಪ್ಪು ಖರ್ಚು ಕಣ್ಣಿಗೆ ಬಿದ್ದರೆ, ಮನೆಯವರ ಪೆಟ್ರೋಲು ಈ ಖಾತೆಯ ಕಾರ್ಡಿನಿಂದ ಹೋಗಿದ್ದರೆ, ಅಂದೇ ಸ್ವಂತ ಹಣದಿಂದ ಅಷ್ಟನ್ನೂ ವಾಪಸ್ ಜಮೆ ಮಾಡಿ. ಯಾವ ತಾರೀಕಿನ ಯಾವ ಖರ್ಚು, ಯಾಕೆ ಆಯಿತು ಎಂದು ನಾಲ್ಕು ಸಾಲು ಬರೆದು, ಜಮೆಯ ಚೀಟಿಯ ಜೊತೆ ಹಬ್‌ಗೆ ಕಳಿಸಿ. ಹಳೆಯ ರಸೀದಿಗಳನ್ನು ಬಿಸಾಡಬೇಡಿ: ಹೊಣೆಯಲ್ಲಿರುವಷ್ಟು ಕಾಲ, ಅದು ಮುಗಿದ ಮೇಲೂ ಕನಿಷ್ಠ ಎರಡು ವರ್ಷ ದಾಖಲೆ ಇಟ್ಟುಕೊಂಡಿರಬೇಕು. ಅಂಗಡಿಯ ಥರ್ಮಲ್ ರಸೀದಿಗಳ ಅಕ್ಷರ ವರ್ಷದೊಳಗೆ ಮಾಸಬಹುದು, ಬಂದ ದಿನವೇ ಸ್ಕ್ಯಾನ್ ಮಾಡಿ ಇಡಿ.