ಏಳನೆಯವರ ಬಟವಾಡೆ: ಇಜೆಬಿ ತರಬೇತಿಯ ಹನ್ನೊಂದನೆಯ ಶನಿವಾರ

ಇಜೆಬಿ ಎಂದರೆ ಎಂಟರ್‌ಪ್ರೈಸ್ ಜಾವಾಬೀನ್ಸ್, ಸರ್ವರಿನಲ್ಲಿ ಓಡುವ ಕಾರ್ಯಕ್ರಮವನ್ನು ಜಾವಾದಲ್ಲಿ ಬೀನ್ ಎಂಬ ತುಣುಕುಗಳಾಗಿ ಬರೆಯುವ ವಿಧಾನ. ಅದರ ತರಬೇತಿಯಲ್ಲಿ ಮೂರು ಶನಿವಾರ ನಮ್ಮನ್ನು ಸತಾಯಿಸಿದ 1,846 ರೂಪಾಯಿಯ ಲೆಕ್ಕ ಮೊನ್ನೆ ಸಂಜೆ ತಾಳೆಯಾಯಿತು. ತರಬೇತಿಯಲ್ಲಿರುವ ಆರು ಜನರೂ ಒಂದೇ ಪರದೆಯ ಮುಂದೆ ನಿಂತು, ಅಭ್ಯಾಸದ ಲೆಕ್ಕದ ಹನ್ನೆರಡು ಹಾಲು ಉತ್ಪಾದಕರಲ್ಲಿ ಹನ್ನೊಂದು ಮಂದಿಗೆ ಹಣ ಜಮೆಯಾಗಿ ಏಳನೆಯವರ ಸಾಲು ಮಾತ್ರ ಇದ್ದ ಹಾಗೆಯೇ ಉಳಿದಿದ್ದನ್ನು ಎರಡೆರಡು ಸಲ ಎಣಿಸಿ ನೋಡಿದರು. ಆ ಖುಷಿ ಆರುವ ಮೊದಲೇ ನಡೆದದ್ದನ್ನು ಬರೆದಿಡುತ್ತಿದ್ದೇನೆ.

ಬೀನ್‌ಗಳನ್ನು ಓಡಿಸುವ ವೈಲ್ಡ್‌ಫ್ಲೈ ಸರ್ವರಿನ ಸ್ಥಾಪನೆ, ಪೋಸ್ಟ್‌ಗ್ರೆ ಡೇಟಾಬೇಸಿಗೆ ಸಂಪರ್ಕ ಕೊಡುವ ಡೇಟಾಸೋರ್ಸ್, ಬೀನ್‌ಗಳನ್ನು ಹುಡುಕಿಕೊಳ್ಳುವ ಜೆಎನ್‌ಡಿಐ ಹೆಸರುಗಳು, ಬೇರೆ ಯಂತ್ರದಿಂದ ಮಾಡಿದ ಮೊದಲ ರಿಮೋಟ್ ಕರೆ ಇವೆಲ್ಲ ಹಳೆಯ ವಾರಗಳ ಕೆಲಸ. ಇಲ್ಲಿ ಮತ್ತೆ ಹೇಳುವುದಿಲ್ಲ. ಅಭ್ಯಾಸಕ್ಕೆ ನಾನು ಆರಿಸಿಕೊಂಡಿದ್ದು ಒಂದು ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘದ ಲೆಕ್ಕ. ಹಾಲು ಅಳೆದು ಬರೆದುಕೊಳ್ಳುವ ಬೀನ್ ಒಂದು, ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ನೋಡಿ ದರ ಕಟ್ಟುವ ಬೀನ್ ಇನ್ನೊಂದು, ಹದಿನೈದು ದಿನಕ್ಕೊಮ್ಮೆ ಬಟವಾಡೆ ಮಾಡುವ ಬೀನ್ ಮತ್ತೊಂದು. ಹಳ್ಳಿಯಿಂದ ಬಂದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಗರದವರಿಗೂ ಐದು ನಿಮಿಷದಲ್ಲಿ ಅರ್ಥವಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಇಲ್ಲಿ ಒಂದು ಸಾಲು ತಪ್ಪಿದರೆ ಯಾರ ಮನೆಯ ಹಣ ತಪ್ಪಿತು ಎಂಬುದು ಕಣ್ಣಿಗೆ ಕಟ್ಟುತ್ತದೆ.

ಈ ಮೂರರಲ್ಲಿ ಮೊದಲ ಶನಿವಾರದ ಅರ್ಧ ದಿನವನ್ನು ನುಂಗಿದ್ದು ಒಂದು ನೆಟ್‌ವರ್ಕ್ ಸ್ವಿಚ್. ನಾಲ್ಕು ಲ್ಯಾಪ್‌ಟಾಪ್‌ಗಳನ್ನು ಜೋಡಿಸಲು ಎಸ್.ಪಿ. ರಸ್ತೆಯ ಒಂದು ಅಂಗಡಿಯಿಂದ ಎಂಟು ಪೋರ್ಟಿನ ಸ್ವಿಚ್ ತಂದಿದ್ದೆ. ಅದರಲ್ಲಿ ಎರಡು ಪೋರ್ಟುಗಳು ಸತ್ತಿದ್ದವು. ರಿಮೋಟ್ ಕರೆ ಆಗಾಗ ವಿಫಲವಾದಾಗಲೆಲ್ಲ ನಾವು ಸರ್ವರ್ ಕರೆಗಳಿಗೆ ಕಿವಿಗೊಡುವ 8080 ಎಂಬ ಸಾಫ್ಟ್‌ವೇರ್ ಪೋರ್ಟನ್ನೂ ಫೈರ್‌ವಾಲನ್ನೂ ಅನುಮಾನಿಸುತ್ತ ಕೂತೆವು. ಬದಲಿಸಿ ಕೊಡಿ ಎಂದು ಕೇಳಿದರೆ, ಕೊಟ್ಟಾಗ ಎಲ್ಲ ಸರಿಯಾಗಿಯೇ ಇತ್ತು ಎಂಬ ಉತ್ತರ ಬಂತು. ಕಲಿಯುವವರ ಒಂದು ಬೆಳಗ್ಗೆ ಹೀಗೆ ಹಾಳಾಗುವುದು ನನಗೆ ನಿಜಕ್ಕೂ ಬೇಸರದ ಸಂಗತಿ. ಈಗ ಯಾವ ಸಾಮಾನು ತಂದರೂ ಶುಕ್ರವಾರ ರಾತ್ರಿಯೇ ಒಂದೊಂದು ಪೋರ್ಟಿಗೂ ಕೇಬಲ್ ಹಾಕಿ ನೋಡಿಬಿಡುತ್ತೇನೆ.

ಇನ್ನು ನಿಜವಾದ ತೊಡಕು. ಬಟವಾಡೆಯ ಬೀನಿನಲ್ಲಿ ಎರಡು ಮೆಥಡ್‌ಗಳಿದ್ದವು, ಅಂದರೆ ಹೆಸರು ಹಿಡಿದು ಕರೆಯುವ ಎರಡು ಕೆಲಸಗಳು. ಪೇಆಲ್ ಎಂಬುದು ಹನ್ನೆರಡು ಉತ್ಪಾದಕರ ಪಟ್ಟಿ ಹಿಡಿದು ಲೂಪಿನಲ್ಲಿ ಒಬ್ಬೊಬ್ಬರಿಗೂ ಪೇಒನ್ ಅನ್ನು ಕರೆಯುತ್ತದೆ. ಪೇಒನ್ ಮೊದಲು ಸಂಘದ ಖಾತೆಯಿಂದ ಹಣ ಕಳೆದು, ನಂತರ ಉತ್ಪಾದಕರ ಖಾತೆಗೆ ಜಮೆ ಮಾಡುತ್ತದೆ. ಒಬ್ಬರದು ಕೆಟ್ಟರೆ ಅವರದಷ್ಟೇ ಹಿಂದೆ ಸರಿಯಬೇಕು, ಉಳಿದವರ ಹಣ ನಿಲ್ಲಬಾರದು ಎಂಬ ಉದ್ದೇಶದಿಂದ ಕಲಿಯುವವರು ಪೇಒನ್ ಮೇಲೆ ರಿಕ್ವೈರ್ಸ್ ನ್ಯೂ ಎಂಬ ಟ್ರಾನ್ಸಾಕ್ಷನ್ ಅನೋಟೇಶನ್ ಬರೆದಿದ್ದರು. ಟ್ರಾನ್ಸಾಕ್ಷನ್ ಎಂದರೆ ಪೂರ್ತಿ ಆಗಬೇಕಾದ, ಇಲ್ಲವೇ ಪೂರ್ತಿ ಹಿಂದೆ ಸರಿಯಬೇಕಾದ ಕೆಲಸಗಳ ಕಟ್ಟು. ಅದು ಕಾಯಂ ಆದರೆ ಕಮಿಟ್, ಹಿಂದೆ ಸರಿದರೆ ರೋಲ್‌ಬ್ಯಾಕ್. ಅನೋಟೇಶನ್ ಎಂದರೆ ಕೋಡಿನ ಮೇಲೆ ಬರೆಯುವ ಸೂಚನೆ. ಪ್ರತಿ ಕರೆಗೂ ಹೊಸ ಟ್ರಾನ್ಸಾಕ್ಷನ್ ಬೇಕು ಎನ್ನುವುದು ರಿಕ್ವೈರ್ಸ್ ನ್ಯೂ. ಏಳನೆಯವರ ಬ್ಯಾಂಕ್ ಖಾತೆಯ ಜಾಗವನ್ನು ನಾನು ಬೇಕೆಂದೇ ಖಾಲಿ ಬಿಟ್ಟಿದ್ದೆ. ಅಲ್ಲಿ ನಲ್ ಪಾಯಿಂಟರ್ ಎಕ್ಸೆಪ್ಷನ್ (ಇಲ್ಲದ್ದನ್ನು ಬಳಸಲು ಹೋದಾಗಿನ ದೋಷ) ಬಂತು, ಲೂಪು ಅದನ್ನು ಹಿಡಿದು ಲಾಗಿಗೆ ಬರೆದು ಮುಂದಕ್ಕೆ ಹೋಯಿತು, ಎಲ್ಲವೂ ಕಮಿಟ್ ಆಯಿತು. ಆದರೆ ಸಂಘದ ಖಾತೆಯಲ್ಲಿ ಏಳನೆಯವರ 1,846 ರೂಪಾಯಿ ಕಳೆದುಹೋಗಿತ್ತು, ಅದು ಯಾರ ಖಾತೆಗೂ ಸೇರಿರಲಿಲ್ಲ.

ಪೇಆಲ್ ತನ್ನದೇ ವಸ್ತುವಿನ ಪೇಒನ್ ಅನ್ನು ನೇರವಾಗಿ ಕರೆದಾಗ ಆ ಕರೆ ಕಂಟೇನರಿನ (ಸರ್ವರಿನಲ್ಲಿ ಬೀನ್‌ಗಳನ್ನು ನಡೆಸುವ ಭಾಗದ) ಪ್ರಾಕ್ಸಿಯನ್ನು, ಅಂದರೆ ಹೊರಗಿನ ಕರೆಗಳನ್ನು ಮೊದಲು ಹಿಡಿದು ಅನೋಟೇಶನ್ ನೋಡುವ ಮಧ್ಯವರ್ತಿಯನ್ನು ಹಾದು ಹೋಗುವುದಿಲ್ಲ, ಆದ್ದರಿಂದ ಅನೋಟೇಶನ್ ಲೆಕ್ಕಕ್ಕೇ ಬರುವುದಿಲ್ಲ ಎಂಬುದು ಈ ಕಸುಬಿನಲ್ಲಿರುವವರಿಗೆಲ್ಲ ತಿಳಿದದ್ದೇ. ನಾನೂ ಅಂದೇ ಅದನ್ನು ಬಾಯಲ್ಲಿ ಹೇಳಿದೆ. ಆರೂ ಜನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡರು. ಹೇಳಿದ ಮೇಲೂ ಅವರು ಹೋದ ದಾರಿಗಳನ್ನು ನೋಡಿದಾಗ, ಅದು ಪುಸ್ತಕದಾಚೆ ಇಳಿದಿಲ್ಲ ಎಂದು ನನಗೆ ಗೊತ್ತಾಯಿತು. ಒಬ್ಬರು ಇಂಪೋರ್ಟಿನಲ್ಲಿ ಜಕಾರ್ತ ಎಂಬ ಹೊಸ ಪ್ಯಾಕೇಜ್ ಹೆಸರಿನ ಬದಲು ಹಳೆಯ ಜಾವಾಎಕ್ಸ್ ಇದೆಯೇ ಎಂದು ಹುಡುಕಿದರು. ಇನ್ನೊಬ್ಬರು ತಮ್ಮದೇ ಎಕ್ಸೆಪ್ಷನ್ ಕ್ಲಾಸ್ ಮಾಡಿ, ಅದರ ಮೇಲೆ ರೋಲ್‌ಬ್ಯಾಕ್ ಟ್ರೂ ಎಂದು ಬರೆದರು. ಕಂಟೇನರಿನ ಕಣ್ಣಿಗೆ ಬೀಳದ ಎಕ್ಸೆಪ್ಷನ್‌ನಿಂದ ರೋಲ್‌ಬ್ಯಾಕ್ ಹೇಗಾದೀತು? ಮತ್ತೊಬ್ಬರು ದೋಷ ಹಿಡಿಯುವ ಕ್ಯಾಚ್ ಒಳಗೆ ಸೆಟ್ ರೋಲ್‌ಬ್ಯಾಕ್ ಓನ್ಲಿ, ಅಂದರೆ ಈ ಟ್ರಾನ್ಸಾಕ್ಷನ್ ಹಿಂದೆಯೇ ಸರಿಯಲಿ ಎಂದರು. ಇದ್ದದ್ದೇ ಒಂದು ಟ್ರಾನ್ಸಾಕ್ಷನ್ ಆದ್ದರಿಂದ ಹನ್ನೆರಡೂ ಮಂದಿಯ ಹಣ ಹಿಂದೆ ಬಂತು. ನಾಲ್ಕನೆಯವರು ಪೇಒನ್ ಅನ್ನು ಬೇರೆ ಬೀನಿಗೆ ಸಾಗಿಸಿದರು, ದಾರಿ ಸರಿಯಿತ್ತು, ಆದರೆ ನಕಲು ಮಾಡುವಾಗ ಅನೋಟೇಶನ್ ಹಿಂದೆಯೇ ಉಳಿಯಿತು. ಏನೂ ಬರೆಯದಿದ್ದರೆ ರಿಕ್ವೈರ್ಡ್ (ಇರುವ ಟ್ರಾನ್ಸಾಕ್ಷನ್ನಿಗೇ ಸೇರು) ಎಂದೇ ಲೆಕ್ಕವಾದ್ದರಿಂದ ಮತ್ತೆ ಹನ್ನೆರಡೂ ಹೋದವು.

ಇದು ಯಾಕಿಷ್ಟು ಕಷ್ಟ ಎಂದು ಆ ವಾರವಿಡೀ ಯೋಚಿಸಿದೆ. 1998ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಇಜೆಬಿಯನ್ನು ಹೊರತಂದಾಗಿನಿಂದ 2.1ನೆಯ ಆವೃತ್ತಿಯವರೆಗೆ ಬೀನ್ ಬರೆಯುವುದು ಶ್ರಮದ ಕೆಲಸವಾಗಿತ್ತು: ಹೋಮ್ ಇಂಟರ್‌ಫೇಸ್ ಬೇರೆ, ರಿಮೋಟ್ ಇಂಟರ್‌ಫೇಸ್ ಬೇರೆ, ಬೀನ್ ಕ್ಲಾಸ್ ಬೇರೆ. ಆ ಶ್ರಮದಲ್ಲಿ ಒಂದು ಲಾಭವಿತ್ತು. ಹೊರಗಿನವರು ಹಿಡಿದಿರುವುದು ಕಂಟೇನರ್ ಕೊಟ್ಟ ವಸ್ತುವನ್ನು, ನಾನು ಬರೆದ ಕ್ಲಾಸು ಅದರ ಹಿಂದೆ ಬೇರೆಯೇ ಇದೆ ಎಂಬುದು ಬರೆಯುವಾಗಲೇ ಕೈಗೆ ತಿಳಿಯುತ್ತಿತ್ತು. 2006ರಲ್ಲಿ ಬಂದ ಇಜೆಬಿ 3.0 ಆ ಹೊರೆಯನ್ನೆಲ್ಲ ಇಳಿಸಿತು. ಸಾಮಾನ್ಯ ಜಾವಾ ಕ್ಲಾಸಿನ ಮೇಲೊಂದು ಅನೋಟೇಶನ್ ಸಾಕಾಯಿತು. ಅದು ಒಳ್ಳೆಯದೇ. ಆದರೆ ಹೊಸ್ತಿಲು ಕಾಣದಾಯಿತು. ಈಗ ಕಲಿಯುವವರು ಅನೋಟೇಶನ್ ಎಂದರೆ ಮೆಥಡ್ಡಿಗೇ ಅಂಟಿದ ಗುಣ ಎಂದುಕೊಳ್ಳುತ್ತಾರೆ. ಅದು ಹೊಸ್ತಿಲಲ್ಲಿ ನಿಂತವನಿಗೆ ಬರೆದ ಚೀಟಿ. ನಡುಮನೆಯಿಂದ ಅಡುಗೆಮನೆಗೆ ಹೋಗುವವರನ್ನು ಅವನು ತಡೆದು ಕೇಳುವುದಿಲ್ಲ. ಸ್ಪ್ರಿಂಗ್ ಎಂಬ ಇನ್ನೊಂದು ಜಾವಾ ಚೌಕಟ್ಟನ್ನು ಬಳಸುವ ಗೆಳೆಯರಿಗೂ ಇದೇ ಮಾತು. ಅಲ್ಲಿಯೂ ಪ್ರಾಕ್ಸಿಯ ಮೂಲಕ ನಡೆಯುವ ಟ್ರಾನ್ಸಾಕ್ಷನ್ನಿಗೆ ಇದೇ ಕಟ್ಟುಪಾಡು.

ಎರಡನೆಯ ಶನಿವಾರ ನಾನು ಏನನ್ನೂ ವಿವರಿಸಲಿಲ್ಲ. ಪೇಒನ್‌ನ ಮೊದಲ ಸಾಲಿನಲ್ಲಿ ಸ್ಟ್ಯಾಕ್ ಟ್ರೇಸ್ (ಯಾರು ಯಾರನ್ನು ಕರೆದರು ಎಂಬ ಪಟ್ಟಿ) ಮುದ್ರಿಸುವ ಒಂದು ಸಾಲು ಸೇರಿಸಿ, ನೇರವಾಗಿ ಕರೆದಾಗಿನ ಟ್ರೇಸನ್ನೂ ಬೇರೆ ಬೀನಿನ ಮೂಲಕ ಕರೆದಾಗಿನ ಟ್ರೇಸನ್ನೂ ಕಾಗದದ ಮೇಲೆ ತೆಗೆಸಿದೆ. ಮೊದಲನೆಯದರಲ್ಲಿ ಪೇಒನ್‌ನ ಕೆಳಗಿನ ಸಾಲೇ ಪೇಆಲ್. ನಡುವೆ ಯಾರೂ ಇಲ್ಲ. ಎರಡನೆಯದರಲ್ಲಿ ಅವೆರಡರ ನಡುವೆ ಪುಟ ತುಂಬುವಷ್ಟು ಇಂಟರ್‌ಸೆಪ್ಟರ್ ಸಾಲುಗಳು, ಅಂದರೆ ಕರೆಯನ್ನು ನಡುದಾರಿಯಲ್ಲಿ ಹಿಡಿಯುವ ಕಂಟೇನರಿನ ಕೋಡು. ಅವುಗಳ ಮಧ್ಯೆ ಸಿಎಮ್‌ಟಿ ಟಿಎಕ್ಸ್ ಇಂಟರ್‌ಸೆಪ್ಟರ್ ಎಂಬ ಹೆಸರು, ಅದರ ಪಕ್ಕದಲ್ಲೇ ರಿಕ್ವೈರ್ಸ್ ನ್ಯೂ ಎಂಬ ಮೆಥಡ್ಡಿನ ಹೆಸರು. ಅಷ್ಟು ಹೊತ್ತು ಸುಮ್ಮನಿದ್ದ ಹುಡುಗಿಯೊಬ್ಬಳು ಪೆನ್ಸಿಲಿನಿಂದ ಆ ಸಾಲಿಗೆ ಸುತ್ತು ಹಾಕಿ, "ಸರ್, ಕಾವಲುಗಾರ ಇಲ್ಲಿ ಕೂತಿದ್ದಾನೆ" ಎಂದಳು. ಆ ಎರಡು ಕಾಗದಗಳು ಈಗ ಕೋಣೆಯ ಗೋಡೆಯ ಮೇಲಿವೆ. ಅಂದಿನಿಂದ ಆರು ಜನರಲ್ಲಿ ಯಾರೂ ಆ ತಪ್ಪನ್ನು ಮಾಡಿಲ್ಲ.

ಅದೇ ಮಧ್ಯಾಹ್ನ ಮಾತು ಮುಂದಿನ ಕೆಲಸದ ಕಡೆ ಹೊರಳಿತು. ಹಾಲಿನ ನಮೂದುಗಳನ್ನು ನೇರ ಕರೆಯ ಬದಲು ಆರ್ಟೆಮಿಸ್ ಎಂಬ ಸಂದೇಶ ಸಾಗಿಸುವ ತಂತ್ರಾಂಶದ ಸರದಿಗೆ ಹಾಕಿ, ಸಂದೇಶ ಬಂದಾಗ ಓಡುವ ಮೆಸೇಜ್ ಡ್ರಿವನ್ ಬೀನ್ ಒಂದರಿಂದ ಎತ್ತಿಕೊಳ್ಳುವ ಯೋಜನೆ ನನ್ನಲ್ಲಿದೆ. ಅಲ್ಲಿ ರೋಲ್‌ಬ್ಯಾಕ್ ಆದರೆ ಸಂದೇಶ ಸರದಿಗೆ ಮರಳಿ ಮತ್ತೆ ಬರುತ್ತದೆ. ಮೊದಲೇ ಹೊಂದಿಸಿರುವಂತೆ 10 ಸಲ ಪ್ರಯತ್ನಿಸಿ, ಆಮೇಲೆ ಅದು ಕೈಬಿಟ್ಟ ಸಂದೇಶಗಳನ್ನು ಇಡುವ ಡೆಡ್ ಲೆಟರ್ ಸರದಿಗೆ ಹೋಗುತ್ತದೆ. ಕೆಟ್ಟ ನಮೂದೊಂದು ಹತ್ತು ಸಲ ಬಾಗಿಲು ಬಡಿಯುವುದನ್ನು ಲಾಗಿನಲ್ಲಿ ತೋರಿಸುವ ಆಸೆ ನನಗೆ ಈಗಲೇ ಹತ್ತಿಬಿಟ್ಟಿದೆ. ಆದರೆ ಬಟವಾಡೆ ಮುಗಿಯದೆ ಅದಕ್ಕೆ ಕೈ ಹಾಕಬಾರದೆಂದು ನಾವೇ ಮಾಡಿಕೊಂಡ ನಿಯಮವಿತ್ತು.

ಬಟವಾಡೆ ಅಷ್ಟಕ್ಕೇ ಮುಗಿಯಲಿಲ್ಲ. ಬೇರೆ ಬೀನ್, ಸರಿಯಾದ ಅನೋಟೇಶನ್ ಎರಡೂ ಆದ ಮೇಲೆ ಓಡಿಸಿದರೆ ಕಾರ್ಯಕ್ರಮ ಮೊದಲ ಉತ್ಪಾದಕರ ಬಳಿಯೇ ನಿಂತುಬಿಟ್ಟಿತು. ಎಕ್ಸೆಪ್ಷನ್ ಇಲ್ಲ, ಲಾಗಿನಲ್ಲಿ ಒಂದಕ್ಷರವಿಲ್ಲ. ಐದು ನಿಮಿಷ ಕಳೆದ ಮೇಲೆ ವೈಲ್ಡ್‌ಫ್ಲೈನ ಟ್ರಾನ್ಸಾಕ್ಷನ್ ಮ್ಯಾನೇಜರ್ ಅವಧಿ ಮೀರಿದೆ ಎಂದು ಎಚ್ಚರಿಕೆ ಬರೆಯಿತು. ಅದರ ಸಹಜ ಗಡುವು 300 ಸೆಕೆಂಡು. ಇದನ್ನು ನಾನೂ ಮುಂಚಿತವಾಗಿ ಕಂಡಿರಲಿಲ್ಲ. ಮೂರನೆಯ ಶನಿವಾರ ಇನ್ನೊಂದು ಟರ್ಮಿನಲ್ ತೆರೆದು, ಕಾರ್ಯಕ್ರಮ ನಿಂತಿರುವಾಗಲೇ ಯಾವ ಸಂಪರ್ಕ ಏನು ಮಾಡುತ್ತಿದೆ ಎಂದು ತೋರಿಸುವ ಪೋಸ್ಟ್‌ಗ್ರೆಯ ಪಿಜಿ ಸ್ಟ್ಯಾಟ್ ಆ್ಯಕ್ಟಿವಿಟಿಯನ್ನು ಕೇಳಿದೆವು. ಎರಡು ಸಂಪರ್ಕಗಳು ಕಂಡವು: ಒಂದು ಟ್ರಾನ್ಸಾಕ್ಷನ್ ತೆರೆದಿಟ್ಟುಕೊಂಡು ಸುಮ್ಮನೆ ಕೂತಿದೆ, ಇನ್ನೊಂದು ಬೀಗಕ್ಕಾಗಿ (ಒಂದು ಸಾಲನ್ನು ಒಬ್ಬರು ಬದಲಿಸುವಾಗ ಬೇರೆಯವರನ್ನು ತಡೆಯುವ ಹಿಡಿತಕ್ಕಾಗಿ) ಕಾಯುತ್ತಿದೆ.

ಆಗ ಎಲ್ಲ ಬಿಚ್ಚಿಕೊಂಡಿತು. ಪೇಆಲ್ ಆರಂಭದಲ್ಲೇ ಸಂಘದ ಖಾತೆಯ ಸಾಲಿನಲ್ಲಿ ಈ ಬಟವಾಡೆಯ ದಿನಾಂಕವನ್ನು ಒಂದು ಅಪ್‌ಡೇಟ್ ಕ್ವೆರಿಯಿಂದ ಬರೆಯುತ್ತಿತ್ತು. ಆ ಸಾಲಿನ ಬೀಗ ಹೊರಗಿನ ಟ್ರಾನ್ಸಾಕ್ಷನ್ನಿನ ಕೈಯಲ್ಲಿತ್ತು. ಒಳಗಿನ ಹೊಸ ಟ್ರಾನ್ಸಾಕ್ಷನ್ ಬೇರೆ ಸಂಪರ್ಕದ ಮೂಲಕ ಅದೇ ಸಾಲಿನಿಂದ ಹಣ ಕಳೆಯಲು ಬಂದಿತು. ಹೊರಗಿನದು ಒಳಗಿನದು ಮುಗಿಯಲೆಂದು ಕಾಯುತ್ತದೆ, ಒಳಗಿನದು ಹೊರಗಿನದು ಬೀಗ ಬಿಡಲೆಂದು ಕಾಯುತ್ತದೆ. ಡೇಟಾಬೇಸಿನ ದೃಷ್ಟಿಯಲ್ಲಿ ಕಾಯುತ್ತಿರುವುದು ಒಂದೇ ಸಂಪರ್ಕವಾದ್ದರಿಂದ ಡೆಡ್‌ಲಾಕ್ (ಒಬ್ಬರಿಗೊಬ್ಬರು ಕಾಯುತ್ತ ನಿಲ್ಲುವ ಸ್ಥಿತಿ) ಎಂದು ಅದು ಗುರುತಿಸುವ ಹಾಗಿಲ್ಲ. ಎಲ್ಲವೂ ಒಂದೇ ಟ್ರಾನ್ಸಾಕ್ಷನ್ನಿನಲ್ಲಿದ್ದಾಗ ಈ ದೋಷ ತಲೆ ಎತ್ತಿರಲೇ ಇಲ್ಲ. ಮೊದಲ ತಪ್ಪನ್ನು ತಿದ್ದಿದ್ದರಿಂದ ಎರಡನೆಯದು ಬೆಳಕಿಗೆ ಬಂತು.

ಪರಿಹಾರವನ್ನು ಅವರೇ ಹುಡುಕಿದರು. ಪೇಆಲ್‌ಗೆ ಸ್ವಂತ ಟ್ರಾನ್ಸಾಕ್ಷನ್ ಬೇಡವೆಂದು ನಾಟ್ ಸಪೋರ್ಟೆಡ್ ಎಂದು ಬರೆದು, ದಿನಾಂಕ ಬರೆಯುವ ಕೆಲಸವನ್ನು ಎರಡನೆಯ ಬೀನಿನಲ್ಲಿ ಪ್ರತ್ಯೇಕ ಮೆಥಡ್ ಮಾಡಿ, ಅದು ಕಮಿಟ್ ಆದ ಮೇಲೆ ಲೂಪು ಆರಂಭವಾಗುವಂತೆ ಮಾಡಿದರು. ಏಳನೆಯವರ ಬಳಿ ಎಕ್ಸೆಪ್ಷನ್ ಬಂದಾಗ ಕಂಟೇನರ್ ಆ ಒಂದು ಟ್ರಾನ್ಸಾಕ್ಷನ್ನನ್ನು ಹಿಂದೆಗೆದು, ಆ ಬೀನಿನ ಪ್ರತಿಯನ್ನು ಎಸೆದು, ಪೇಆಲ್‌ಗೆ ಇಜೆಬಿ ಎಕ್ಸೆಪ್ಷನ್ ಕೊಟ್ಟಿತು. ಲೂಪು ಎಂಟನೆಯವರಿಗೆ ಸಾಗಿತು. ಸಂಘದ ಖಾತೆಯಲ್ಲಿ 1,846 ರೂಪಾಯಿ ತನ್ನ ಜಾಗದಲ್ಲೇ ಇತ್ತು.

ಬರುವ ಶನಿವಾರ ಪೇಒನ್ ಇರುವ ಬೀನು ಎರಡನೆಯ ಲ್ಯಾಪ್‌ಟಾಪಿಗೆ ಹೋಗುತ್ತದೆ. ಕಮಿಟ್ ಆಯಿತೋ ಇಲ್ಲವೋ ಎಂದು ಕರೆದವರಿಗೆ ತಿಳಿಯದ ಸ್ಥಿತಿಯನ್ನು ನೋಡಲು, ಪೇಒನ್ ಆ ಕಡೆ ಕಮಿಟ್ ಮಾಡಿದ ಮೇಲೆ, ಉತ್ತರ ಈ ಕಡೆ ತಲುಪುವ ಮೊದಲು ಕೇಬಲ್ ಎಳೆಯಬೇಕು. ಆ ಸಮಯ ಸಿಗಲೆಂದು ಎರಡನೆಯ ಲ್ಯಾಪ್‌ಟಾಪಿನಲ್ಲಿ ಪೇಒನ್ ಅನ್ನು ಕರೆದು, ಅದು ಮುಗಿದ ಮೇಲೆ ಇಪ್ಪತ್ತು ಸೆಕೆಂಡು ತಡೆದು ಉತ್ತರ ಕೊಡುವ ಸಣ್ಣ ಬೀನೊಂದನ್ನು ಆಗಲೇ ಬರೆದಿಟ್ಟಿದ್ದೇನೆ. ಕೇಬಲ್ ಎಳೆಯುವುದು ತಮ್ಮ ಪಾಲಿಗೇ ಬರಬೇಕೆಂದು ಇಬ್ಬರು ಈಗಲೇ ಹೆಸರು ಹೇಳಿದ್ದಾರೆ.