ಮಳೆ ಕೈಕೊಟ್ಟಾಗ ಬಾಚಿ

ನೈರೋಬಿಗೆ ಬಂದವರು ಊರಿಗೆ ಹೊರಟಾಗ ಒಂದು ಮರದ ಜಿರಾಫೆ ಕೊಳ್ಳದೆ ಇರಲ್ಲ. ನಮ್ಮ ಕನ್ನಡದವರೂ ಅಷ್ಟೇ. ಮಸಾಯಿ ಮಾರ್ಕೆಟ್‌ನಲ್ಲಿ ಚೌಕಾಸಿ ಮಾಡಿ ಅರ್ಧ ಬೆಲೆಗೆ ಹೊಡೆದ ಕತೆಯನ್ನು ವಾರಗಟ್ಟಲೆ ಹೇಳುತ್ತಾರೆ. ಆದರೆ ಅದನ್ನು ಕೆತ್ತಿದವರು ಬಹುಪಾಲು ಮಸಾಯಿಗಳಲ್ಲ, ಕೀನ್ಯಾದ ಇನ್ನೊಂದು ಬುಡಕಟ್ಟಾದ ಕಾಂಬಾ ಜನ. ಅವರಲ್ಲಿ ತುಂಬಾ ಮಂದಿ ರೈತರು.

ನೈರೋಬಿಯಿಂದ ಮಚಾಕೋಸ್ ಸುಮಾರು 60 ಕಿಲೋಮೀಟರ್. ಅಲ್ಲಿಂದ ಕಿಟುಯಿ ರಸ್ತೆ ಹಿಡಿದರೆ ಈ ಕೆತ್ತನೆಯವರ ಊರು ವಾಮುನ್ಯೂ ಸಿಗುತ್ತದೆ. ಕೆಂಪು ಮಣ್ಣು, ಕುರುಚಲು ಗಿಡ, ತೊಗರಿ ಹೊಲ. ಥೇಟ್ ನಮ್ಮ ಬಯಲುಸೀಮೆ. ಮಾರ್ಚ್‌ನಲ್ಲಿ ಒಂದು ಮಳೆ, ಅಕ್ಟೋಬರ್ ಕೊನೆಗೆ ಇನ್ನೊಂದು. ಎರಡರಲ್ಲಿ ಒಂದು ಕೈಕೊಡುವುದು ಇಲ್ಲಿ ಹೊಸದೇನಲ್ಲ. ಮೆಕ್ಕೆಜೋಳ ಒಣಗಿದರೂ ಮಕ್ಕಳ ಸ್ಕೂಲ್ ಫೀಸು ಕಾಯುತ್ತಾ? ಆಗ ಮರ ಕೆತ್ತುವ ಬಾಚಿಯೇ ಗತಿ.

ಈ ಕಸುಬು ಇಲ್ಲಿಗೆ ಬಂದದ್ದು ಮೊದಲ ಮಹಾಯುದ್ಧದ ಕಾಲದಲ್ಲಿ. ಬ್ರಿಟಿಷರ ಸೇನೆಯ ಜೊತೆ ಟಾಂಗನೀಕಾಕ್ಕೆ (ಇಂದಿನ ಟಾಂಜಾನಿಯಾ) ಹೋದ ವಾಮುನ್ಯೂವಿನ ಮುತಿಸ್ಯಾ ಮುಂಗೆ ಅಲ್ಲಿನ ಜರಾಮೊ ಜನರ ಕೆತ್ತನೆ ನೋಡಿ ಕಲಿತು ಬಂದರಂತೆ. ಇವತ್ತು ಅದು ಊರೂರಿನ ಕೆಲಸ.

ಕೆತ್ತನೆಯವರ ಸಹಕಾರ ಸಂಘದ ಅಂಗಳದಲ್ಲಿ ಮರದ ನೆರಳಿಗೊಬ್ಬರಂತೆ ಕೂತಿರುತ್ತಾರೆ. ಚನ್ನಪಟ್ಟಣದ ಹಾಗೆ ತಿರುಗುವ ಯಂತ್ರ ಇಲ್ಲ. ನಾನು ನೋಡಿದ ಹಿರಿಯರು ದಿಮ್ಮಿಯನ್ನು ಎರಡು ಕಾಲಿನ ನಡುವೆ ಒತ್ತಿಹಿಡಿದು ಸಣ್ಣ ಬಾಚಿಯಲ್ಲಿ ಹೊಡೆಯುತ್ತಿದ್ದರು. ಪೆನ್ಸಿಲ್ ಗೆರೆಯೂ ಇಲ್ಲ, ಅಳತೆಯೂ ಇಲ್ಲ. ನಾಲ್ಕು ಏಟಿಗೆ ಆನೆಯ ಸೊಂಡಿಲು ಎಲ್ಲಿ ಅಂತ ಗೊತ್ತಾಯಿತು. ಕಿವಿ, ಕಣ್ಣು ಚಾಕುವಿನ ಕೆಲಸ. ಉಜ್ಜಿ ನುಣುಪು ಮಾಡುವುದು ಹೆಚ್ಚಾಗಿ ಹೆಂಗಸರು. ಉದುರಿದ ಚೂರು ಒಲೆಗೆ.

ಗೊಂಬೆಯ ಅಡಿಯಲ್ಲಿ ಕೆತ್ತಿದವರ ಸದಸ್ಯ ನಂಬರ್ ಇರುತ್ತದೆ. ಮಾರಾಟವಾದರೆ ಸಂಘ ತನ್ನ ಪಾಲು ಹಿಡಿದು ಉಳಿದದ್ದನ್ನು ಆ ನಂಬರಿನವರಿಗೆ ಕೊಡುತ್ತದೆ. ಇಷ್ಟೇ ವ್ಯವಸ್ಥೆ. ದಲ್ಲಾಳಿ ಹೇಳಿದ ರೇಟಿಗೆ ತಲೆಯಾಡಿಸಬೇಕಿಲ್ಲ ಅನ್ನುವುದೇ ಇದರ ದೊಡ್ಡ ಲಾಭ. ಮೊಂಬಾಸಾದಲ್ಲೂ ಕಾಂಬಾಗಳ ದೊಡ್ಡ ಸಂಘವಿದೆ. 1963ರಿಂದ ನಡೆಯುತ್ತಿದೆ. ಆದರೆ ಟೂರಿಸ್ಟರು ಬರದಿದ್ದರೆ ಸಂಘವೂ ಏನೂ ಮಾಡಲಾಗಲ್ಲ. 2008ರ ಚುನಾವಣಾ ಗಲಾಟೆ, 2020ರ ಕೊರೊನಾ ಎರಡೂ ಸರಿಯಾಗಿ ಹೊಡೆದವು.

ಇನ್ನೊಂದು ಪೆಟ್ಟು ಮರದ್ದು. ಹಿಂದೆ ಎಲ್ಲರಿಗೂ ಕರಿಮರ ಬೇಕು, ಇಲ್ಲಾ ಮುಹುಗು ಅನ್ನುವ ಅಲ್ಲಿನ ಗಟ್ಟಿ ಮರ ಬೇಕು. ಅವು ಬಲಿಯಲು ಒಂದು ತಲೆಮಾರು ಸಾಲದು. ಕಡಿದು ಕಡಿದು ಕಾಡು ಬರಿದಾಯಿತು. ಈಗ ಬೇಗ ಬೆಳೆಯುವ ಬೇವು, ಫಸಲು ನಿಂತ ಮುದಿ ಮಾವು, ಜಕರಂದಾ ಬಳಸುತ್ತಾರೆ. ಹೊಲದ ಬದುವಿನ ಮರಕ್ಕೂ ಬೆಲೆ ಬಂತು. ಬೇವು ನಮ್ಮ ಕಡೆಯಿಂದಲೇ ಬಂದದ್ದು ಅಲ್ವಾ, ಬೇವಿನ ಆನೆ ನೋಡಿದಾಗ ಸುಮ್ನೆ ಒಂದು ಖುಷಿ. ಕೆಲವರು ಇದಕ್ಕೇ ಬೂಟ್ ಪಾಲಿಶ್ ಬಳಿದು ಕರಿಮರ ಅಂತ ಮಾರುತ್ತಾರೆ. ಒದ್ದೆ ಬಟ್ಟೆಯಲ್ಲಿ ಉಜ್ಜಿ ನೋಡಿ, ಬಣ್ಣ ಬಿಟ್ಟರೆ ಗೊತ್ತಾಗುತ್ತದೆ.

ಈ ಕಡೆ ಬಂದರೆ ಸಂಘದ ಅಂಗಡಿಯಲ್ಲೇ ಕೊಳ್ಳಿ, ಬೆಲೆ ಸ್ವಲ್ಪ ಜಾಸ್ತಿ ಅನಿಸಿದರೂ. ಜಿರಾಫೆ ಬೇಡ, ಬ್ಯಾಗಿನಲ್ಲಿ ಕಾಲು ಮುರಿಯುತ್ತದೆ. ಮಾವಿನ ಮರದ ಸೌಟು ತಗೊಳ್ಳಿ.